ಕುಕ್ಕುವಾಡದ ಕಣದಲ್ಲಿ ಮರೆಯಾದ ನಕ್ಷತ್ರ

ಹರಿಹರದಲ್ಲಿ ಟೈಪಿಂಗ್ ಕಲಿತವರನ್ನು ಕೇಳಿದರೆ, ನಲವತ್ತು ದಾಟಿದ ಬಹುಪಾಲು ಜನ ತೋಟಪ್ಪನವರ ಹೆಸರು ಹೇಳುತ್ತಾರೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ಅವರ ಮಗಳು ಉಮಾಮಹೇಶ್ವರಿ ಏಳನೇ ತರಗತಿಯಲ್ಲಿದ್ದಾಗಲೇ ಆ ಯಂತ್ರಗಳ ಮುಂದೆ ಕೂತವರು. ತೋಟಪ್ಪನವರು ಮಗಳ ಬೆರಳುಗಳ ಮೇಲೆ ಒಂದು ಟವೆಲ್ ಹಾಸಿ, ಕೀಲಿಗಳು ಕಾಣದ ಹಾಗೆ ಮಾಡಿ ಕಲಿಸಿದ್ದರು. ಹದಿನಾರನೇ ವಯಸ್ಸಿಗೆ ಆಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪರೀಕ್ಷೆ ಮುಗಿಸಿ, ತನಗಿಂತ ದೊಡ್ಡವರಿಗೆ ಪಾಠ ಹೇಳುತ್ತಿದ್ದರು.

ತಂದೆ ತೀರಿಕೊಂಡ ಮೇಲೆ ಶಾಲೆ ಉಮಾಮಹೇಶ್ವರಿಯವರ ಕೈಗೆ ಬಂತು. ಟೈಪ್‌ರೈಟರುಗಳ ಕಾಲ ಮುಗಿಯುತ್ತಿದೆ ಎಂದು ತಿಳಿದು ಅವರು ಒಂಬತ್ತು ಕಂಪ್ಯೂಟರ್ ಕೊಂಡರು. ಹದಿನೈದು ವರ್ಷ ಅವು ದುಡಿದವು. ಆಮೇಲೆ ಮಕ್ಕಳು ಮೊಬೈಲಿನಲ್ಲೇ ಎಲ್ಲ ಬರೆಯತೊಡಗಿದರು. ಶಾಲೆಗೆ ಬರುವವರು ಮೂವರೋ ನಾಲ್ವರೋ ಆದರು. ಉಮಾಮಹೇಶ್ವರಿಯವರಿಗೆ ಆಗ ನಲವತ್ತೆಂಟು. ಅವರ ಯಜಮಾನರು ಮುರುಗೇಶಪ್ಪ ಹರಿಹರ–ದಾವಣಗೆರೆ ಬಸ್ಸಿನಲ್ಲಿ ಕಂಡಕ್ಟರ್. ಕಂಪ್ಯೂಟರುಗಳನ್ನು ಮಾರಿಬಿಡೋಣವೆಂದು ಗುಜರಿಯವನನ್ನು ಕರೆದು ತಂದವರೂ ಅವರೇ.

ಗುಜರಿಯವನು ಬಂದು ಕಂಪ್ಯೂಟರುಗಳನ್ನು ಬಡಿದು ನೋಡುತ್ತಿದ್ದ ಹೊತ್ತಿಗೆ ಮೆಟ್ಟಿಲು ಹತ್ತಿ ಒಬ್ಬ ಹಿರಿಯರು ಬಂದರು. ಕೈಯಲ್ಲಿ ಒಂದು ತಂತಿ ಇತ್ತು, ಅದರ ತುದಿಗೆ ಒಂಬತ್ತು ಪಿನ್ನಿನ ಒಂದು ಮೂತಿ.

"ಇದು ಹೋಗೋ ಕಿಂಡಿ ಇರೋ ಕಂಪ್ಯೂಟರ್ ನಿಮ್ಮತ್ರ ಐತೇನ್ರಿ?" ಎಂದು ಕೇಳಿದರು. "ದಾವಣಗೆರೆ ಎಲ್ಲಾ ತಿರುಗಿದೆ. ಹೊಸ ಕಂಪ್ಯೂಟರ್‌ಗೆ ಈ ಕಿಂಡೀನೇ ಇಡೋದಿಲ್ಲಂತೆ."

ಉಮಾಮಹೇಶ್ವರಿ ಒಂದು ಪೆಟ್ಟಿಗೆಯನ್ನು ಹಿಂದುಮುಂದು ಮಾಡಿ ತೋರಿಸಿದರು. "ಒಂಬತ್ತಕ್ಕೂ ಐತೆ, ನೋಡ್ರಿ."

ಆ ಹಿರಿಯರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಅವರು ರುದ್ರಮುನಿ, ದಾವಣಗೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಕೊಂಡಜ್ಜಿಯ ಕೆರೆಯಿಂದ ಸ್ವಲ್ಪ ದೂರದಲ್ಲಿದ್ದ ತಮ್ಮ ಹೊಲದಲ್ಲಿ ತಗಡಿನ ಗುಮ್ಮಟ ಕಟ್ಟಿಸಿ, ಅದರೊಳಗೆ ಒಂದು ದೂರದರ್ಶಕ ಇಟ್ಟಿದ್ದರು. ಅದನ್ನು ನಕ್ಷತ್ರದ ಕಡೆಗೆ ತಿರುಗಿಸುವ ಮೋಟಾರಿಗೆ ಆಜ್ಞೆ ಕೊಡುವ ಕಂಪ್ಯೂಟರ್ ಸುಟ್ಟು ಹೋಗಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳಿಂದ ದೂರದರ್ಶಕ ಬಟ್ಟೆ ಹೊದ್ದು ಕೂತಿತ್ತು.

ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿ ಉಮಾಮಹೇಶ್ವರಿ ಗುಜರಿಯವನಿಗೆ ಕಾಫಿ ತರಿಸಿಕೊಟ್ಟು ಕಳಿಸಿದರು. ಮರುದಿನ ಬೆಳಗ್ಗೆಯೇ ಒಂದು ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಕೊಂಡಜ್ಜಿಗೆ ಹೋದರು. ಜೊತೆಗೆ ಯು.ಪಿ.ಎಸ್. ರಿಪೇರಿ ಮಾಡುವ ರಮೇಶ ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ತಂತಿ ಸಿಕ್ಕಿಸಿ, ಪ್ರೋಗ್ರಾಂ ಹಾಕಿ, ಉಮಾಮಹೇಶ್ವರಿ ಒಂದು ಕೀಲಿ ಒತ್ತಿದರು. ದೂರದರ್ಶಕ ಸಣ್ಣಗೆ ಗುಂಯ್‌ಗುಡುತ್ತ ಪೂರ್ವದಿಂದ ದಕ್ಷಿಣಕ್ಕೆ ತಿರುಗಿ ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

ಅಂದಿನಿಂದ ವಾರಕ್ಕೆರಡು ಸಲ ಉಮಾಮಹೇಶ್ವರಿ ಕೊಂಡಜ್ಜಿಗೆ ಹೋಗುವುದು ರೂಢಿಯಾಯಿತು. ಅವರಿಗೆ ಆಕಾಶದ ವಿಷಯ ಹೆಚ್ಚು ಗೊತ್ತಿರಲಿಲ್ಲ. ಆದರೆ ಕ್ಯಾಮೆರಾದಿಂದ ಬಂದ ಚಿತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು, ಹಾಳಾದವನ್ನು ಬೇರೆ ಮಾಡುವುದು, ಸಾಲು ಸಾಲು ಅಂಕಿಗಳನ್ನು ಒಂದು ತಪ್ಪೂ ಇಲ್ಲದೆ ಬರೆಯುವುದು ಅವರಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಉಳಿದ ಎಂಟು ಕಂಪ್ಯೂಟರುಗಳೂ ಶಾಲೆಯಲ್ಲಿ ಹಗಲೆಲ್ಲ ಆ ಚಿತ್ರಗಳನ್ನು ಅಳೆಯತೊಡಗಿದವು. ಕೆಳಗಿನ ಬಟ್ಟೆ ಅಂಗಡಿಯವರು, ಟೈಪಿಂಗ್ ಶಾಲೆಯಲ್ಲಿ ನಕ್ಷತ್ರ ಎಣಿಸುತ್ತಾರೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ನವೆಂಬರಿನಲ್ಲಿ ಒಂದು ದಿನ ರುದ್ರಮುನಿ ಮೇಷ್ಟ್ರು ಜಿಲ್ಲೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಅದರ ಮೇಲೆ ಪಡುವಣದಿಂದ ಮೂಡಣಕ್ಕೆ ಎರಡು ಗೆರೆ ಎಳೆದಿದ್ದರು.

"ಡಿಸೆಂಬರ್ ಮೊದಲನೇ ವಾರ, ಸಂಜೆ ಏಳು ನಲವತ್ತೆರಡಕ್ಕೆ, ಒಂದು ಸಣ್ಣ ಗ್ರಹ ಒಂದು ನಕ್ಷತ್ರದ ಮುಂದೆ ಹಾದು ಹೋಗ್ತೈತೆ. ತಾಲ್ಲೂಕಿನಷ್ಟು ದೊಡ್ಡ ಕಲ್ಲುಬಂಡೆ ಅಂತಿಟ್ಕೊಳ್ರಿ. ಅದು ಅಡ್ಡ ಬಂದಾಗ ನಕ್ಷತ್ರ ಎರಡು ಮೂರು ಸೆಕೆಂಡು ಕಾಣೋದಿಲ್ಲ. ಆ ಕಲ್ಲಿನ ನೆರಳು ಈ ಎರಡು ಗೆರೆ ನಡುವೆ ಬೀಳ್ತೈತೆ. ಅಂದ್ರ ನಮ್ಮ ಊರುಗಳ ಮ್ಯಾಲೆ."

"ಅದನ್ನ ನೋಡಿದ್ರೆ ಏನು ತಿಳಿತೈತೆ ಸರ್?"

"ಒಂದೇ ಕಡೆ ನೋಡಿದ್ರೆ ಅಷ್ಟೇನೂ ಇಲ್ಲ. ಮೂರು ಊರಲ್ಲಿ ಕೂತು, ಎಷ್ಟೊತ್ತಿಗೆ ಹೋತು, ಎಷ್ಟೊತ್ತಿಗೆ ಬಂತು ಅಂತ ಬರಕೊಂಡ್ರೆ ಆ ಕಲ್ಲಿನ ಆಕಾರ ಸಿಗ್ತೈತೆ. ದೊಡ್ಡ ದೊಡ್ಡ ವೀಕ್ಷಣಾಲಯದೋರು ಒಂದೇ ಜಾಗದಾಗೆ ಇರ್ತಾರೆ. ಅವರಿಗೆ ನಮ್ಮಂಥೋರು ಬೇಕು."

ಕೊಂಡಜ್ಜಿಯಲ್ಲಿ ಮೇಷ್ಟ್ರು ಕೂರುವುದು, ಬಾತಿಯಲ್ಲಿ ಅವರ ಹಳೆಯ ವಿದ್ಯಾರ್ಥಿನಿ ರೂಪಶ್ರೀ ಕೂರುವುದು ಎಂದಾಯಿತು. ಮೂರನೆಯದು ಕುಕ್ಕುವಾಡ. ಅದು ದಕ್ಷಿಣದ ಗೆರೆಯ ಮೇಲೇ ಇತ್ತು. ಅಲ್ಲಿ ನಕ್ಷತ್ರ ಮರೆಯಾದರೆ ಆಯಿತು, ಇಲ್ಲದಿದ್ದರೆ ಇಲ್ಲ.

"ಅಲ್ಲಿಗೆ ನಾನು ಹೋಗ್ತೀನಿ," ಎಂದರು ಉಮಾಮಹೇಶ್ವರಿ. "ಏನೂ ಆಗದಿದ್ರೂ ನಾನು ಹಾಳು ಮಾಡಿದೆ ಅಂತ ಅನ್ನಿಸಿಕೊಳ್ಳೋದಿಲ್ಲ."

ಕಂಪ್ಯೂಟರುಗಳು ಇದ್ದವು. ಕಾಲೇಜಿನಿಂದ ಎರಡು ಸಣ್ಣ ದೂರದರ್ಶಕಗಳು ಸಿಕ್ಕವು. ಕ್ಯಾಮೆರಾ ನಕ್ಷತ್ರದ ವಿಡಿಯೊ ತೆಗೆಯುತ್ತದೆ, ಕಂಪ್ಯೂಟರ್ ಪ್ರತಿ ಚಿತ್ರದ ಮೇಲೂ ಸಮಯ ಬರೆಯುತ್ತದೆ. ಮೇಷ್ಟ್ರ ಬಳಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯೂ ಇತ್ತು. ಅದು ಉಪಗ್ರಹಗಳಿಂದ ಸಮಯ ಪಡೆದು, ಸೆಕೆಂಡಿಗೆ ಒಂದು ಸಲ ಕರಾರುವಾಕ್ಕಾಗಿ ಕೆಂಪು ದೀಪ ಮಿಟುಕಿಸುತ್ತಿತ್ತು. ಅದನ್ನು ಕ್ಯಾಮೆರಾದ ಮುಂದೆ ಹಿಡಿದರೆ ಕಂಪ್ಯೂಟರಿನ ಗಡಿಯಾರ ಎಷ್ಟು ಹಿಂದಿದೆ, ಎಷ್ಟು ಮುಂದಿದೆ ಎಂದು ಗೊತ್ತಾಗುತ್ತಿತ್ತು.

"ಬೆಳಿಗ್ಗೆ ಮೂರೂ ಕಂಪ್ಯೂಟರಿಗೆ ಒಂದು ಸಲ ಹಿಡಿದುಬಿಟ್ರೆ ಮುಗೀತು," ಎಂದರು ಮೇಷ್ಟ್ರು.

ಉಮಾಮಹೇಶ್ವರಿ ತಲೆ ಅಲ್ಲಾಡಿಸಿದರು. "ಮುಗಿಯಂಗಿಲ್ಲ ಸರ್. ಈ ಮೂರನೇ ನಂಬರಿನ ಕಂಪ್ಯೂಟರ್ ಗಡಿಯಾರ ಬೆಳಿಗ್ಗೆಯಿಂದ ಸಂಜೆಗೆ ಐದು ಸೆಕೆಂಡು ಹಿಂದೆ ಬೀಳ್ತೈತೆ. ಟೈಪಿಂಗ್ ಸ್ಪರ್ಧೆ ಇಟ್ಟಾಗ ಇದರ ಮುಂದೆ ಕೂತ ಹುಡುಗೀರು ಜಗಳ ತೆಗೀತಿದ್ರು, ನಮಗೆ ಮಾತ್ರ ಲೇಟಾಗಿ ಶುರುವಾತು ಅಂತ. ಏಳನೇದು ಮುಂದೆ ಓಡ್ತೈತೆ. ಒಂದೊಂದಕ್ಕೆ ಒಂದೊಂದು ಚಾಳಿ."

ಮೇಷ್ಟ್ರು, ಹಾಗಾದರೆ ನಕ್ಷತ್ರ ಮರೆಯಾಗುವ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಡಬ್ಬಿ ಹಿಡಿಯಬೇಕು ಎಂದರು. ಇದ್ದದ್ದು ಒಂದೇ ಡಬ್ಬಿ. ರಮೇಶ ಅದನ್ನು ಬೈಕಿನಲ್ಲಿ ಮೂರೂ ಊರಿಗೆ ಒಯ್ಯುವುದು, ನಕ್ಷತ್ರ ಮರೆಯಾಗಿ ಬಂದ ಮೇಲೆ ಅದೇ ದಾರಿಯಲ್ಲಿ ವಾಪಸು ಬರುವುದು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಕಂಪ್ಯೂಟರ್ ಆರಿಸಬಾರದು, ಅಷ್ಟೇ; ಆರಿಸಿ ಮತ್ತೆ ಹಾಕಿದರೆ ಗಡಿಯಾರದ ನಡೆ ಬೇರೆಯಾಗಿಬಿಡುತ್ತದೆ.

ಕುಕ್ಕುವಾಡದಲ್ಲಿ ಜಾಗ ಕೊಟ್ಟವರು ಮೈಲಮ್ಮ ಮತ್ತು ಗಿಡ್ಡಪ್ಪ. ಭತ್ತ ಕೊಯ್ದು ಮನೆ ತುಂಬಿಸಿದ್ದರಿಂದ ಅವರ ಮನೆಯ ಮುಂದಿನ ಕಣ ಖಾಲಿಯಿತ್ತು. ಉಮಾಮಹೇಶ್ವರಿ ಮಧ್ಯಾಹ್ನ ಮೂರಕ್ಕೇ ಟೆಂಪೊದಲ್ಲಿ ಬಂದಿಳಿದರು. ಮೂರನೇ ನಂಬರಿನ ಕಂಪ್ಯೂಟರನ್ನು ಜಗುಲಿಯ ಮೇಲೆ, ದೂರದರ್ಶಕವನ್ನು ಕಣದ ನಡುವೆ ಇಟ್ಟರು. ದೂರದರ್ಶಕದ ಮೋಟಾರಿಗೆ ರಮೇಶ ತಾನು ತಂದಿದ್ದ ಬೇರೊಂದು ಬೈಕಿನ ಬ್ಯಾಟರಿ ಸಿಕ್ಕಿಸಿಕೊಟ್ಟ. ಐದು ಇಪ್ಪತ್ತಕ್ಕೆ ಕೆಂಪು ದೀಪವನ್ನು ಕ್ಯಾಮೆರಾದ ಮುಂದೆ ಹಿಡಿದು, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಾತಿಯ ಕಡೆಗೆ ಹೊರಟ.

"ಅಕ್ಕಾರೆ, ಯು.ಪಿ.ಎಸ್. ಬ್ಯಾಟರಿ ಹಳೇದು. ಕರೆಂಟ್ ಹೋದ್ರೆ ಹತ್ತು ನಿಮಿಷ ಬರಬಹುದು, ನಂಬಬ್ಯಾಡ್ರಿ," ಎಂದು ಹೇಳಿ ಹೋದ.

ಕತ್ತಲಾಯಿತು. ಗಿಡ್ಡಪ್ಪ ಕಣದ ಬಲ್ಬು ಆರಿಸಿದರು. ಅಕ್ಕಪಕ್ಕದ ನಾಲ್ಕೈದು ಜನ ಗೋಣಿಚೀಲ ಹಾಸಿಕೊಂಡು ಕೂತರು. ನಕ್ಷತ್ರವನ್ನು ಹುಡುಕಿ ಪರದೆಯ ನಡುವೆ ತರುವುದಕ್ಕೆ ಉಮಾಮಹೇಶ್ವರಿಯವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬರಿಗಣ್ಣಿಗೆ ಕಾಣದಷ್ಟು ಮಂಕು ನಕ್ಷತ್ರ ಅದು. ಪರದೆಯ ಮೇಲೆ ಅಕ್ಕಿಯ ನುಚ್ಚಿನಷ್ಟು ಕಾಣುತ್ತಿತ್ತು. ಮೈಲಮ್ಮ ಬಗ್ಗಿ ನೋಡಿ, "ಇದಕ್ಕೇನಾ ಇಷ್ಟೆಲ್ಲಾ?" ಎಂದು ನಕ್ಕರು.

ಏಳೂವರೆಗೆ ಕರೆಂಟು ಹೋಯಿತು.

ಇಡೀ ಊರು ಕತ್ತಲಾಯಿತು. ಜಗುಲಿಯ ಮೇಲೆ ಕಂಪ್ಯೂಟರಿನ ಪರದೆ ಮಾತ್ರ ಹೊಳೆಯುತ್ತಿತ್ತು, ಯು.ಪಿ.ಎಸ್. ಕುಯ್ಯ್ ಕುಯ್ಯ್ ಎನ್ನುತ್ತಿತ್ತು. ಇನ್ನು ಹನ್ನೆರಡು ನಿಮಿಷ. ರಮೇಶ ಹೇಳಿದ್ದು ಹತ್ತು ನಿಮಿಷ.

ಉಮಾಮಹೇಶ್ವರಿ ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಯಾವುದು ಎಂದು ಯೋಚಿಸಿದರು. ಪರದೆ. ಅದು ಹಳೆಯ ಕಾಲದ ದಪ್ಪ ಪರದೆ, ಕಂಪ್ಯೂಟರಿನಷ್ಟೇ ಕರೆಂಟು ಕುಡಿಯುವಂಥದ್ದು. ಕೈ ಚಾಚಿ ಅದರ ಸ್ವಿಚ್ ಆರಿಸಿಬಿಟ್ಟರು.

"ಅಯ್ಯ, ಅದೂ ಹೋತೇನ್ರಿ ಅಕ್ಕಾರೆ?" ಎಂದು ಮೈಲಮ್ಮ ಕೇಳಿದರು.

"ಇಲ್ಲ ಮೈಲಮ್ಮಾರೆ, ನಾನೇ ಆರಿಸ್ದೆ."

"ಹಂಗಾದ್ರೆ ನೋಡೋದು ಹೆಂಗೆ?"

"ನೋಡೋದು ಬ್ಯಾಡ. ಒಳಗೆ ಅದು ಎಚ್ಚರ ಐತೆ, ಸಾಕು."

ಕತ್ತಲಲ್ಲಿ ಅವರು ಎರಡೂ ಕೈಗಳನ್ನು ಕೀಲಿಗಳ ಮೇಲಿಟ್ಟು ಕೂತರು. ಏಳು ಮೂವತ್ತೊಂಬತ್ತಕ್ಕೆ ಗಿಡ್ಡಪ್ಪನವರ ಮೊಬೈಲಿನಲ್ಲಿ ಸಮಯ ಕೇಳಿಕೊಂಡು, ವಿಡಿಯೊ ಶುರು ಮಾಡುವ ಎರಡು ಕೀಲಿಗಳನ್ನು ಒತ್ತಿದರು. ಆಮೇಲೆ ಕಡತದ ಹೆಸರನ್ನು, ಊರು, ತಾರೀಖು ಸಮೇತ, ಒಂದೇ ಉಸಿರಿಗೆ ಟೈಪ್ ಮಾಡಿ ಎಂಟರ್ ಕೊಟ್ಟರು. ಶುರುವಾಯಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಪೆಟ್ಟಿಗೆಗೆ ಕಿವಿ ಕೊಟ್ಟರು. ಒಳಗೆ ಡಿಸ್ಕ್ ಕರಕರ ಅನ್ನುವುದು ಕೇಳಿಸಿತು. ಬರೆಯುತ್ತಿದೆ ಎಂದು ಧೈರ್ಯ ಬಂತು.

ಏಳು ನಲವತ್ತೆರಡಾಯಿತು. ಆಕಾಶದಲ್ಲಿ ಯಾರ ಕಣ್ಣಿಗೂ ಏನೂ ಬದಲಾದಂತೆ ಕಾಣಲಿಲ್ಲ. ಎಲ್ಲೋ ಒಂದು ನಾಯಿ ಬೊಗಳಿತು.

"ಹೋತೇನ್ರಿ?" ಎಂದು ಗಿಡ್ಡಪ್ಪ ಪಿಸುಗುಟ್ಟಿದರು.

"ಗೊತ್ತಿಲ್ಲಪ್ಪ."

ಏಳು ನಲವತ್ತೈದಕ್ಕೆ ವಿಡಿಯೊ ನಿಲ್ಲಿಸುವ ಕೀಲಿ ಒತ್ತಿದರು. ಡಿಸ್ಕ್ ಇನ್ನೊಂದು ನಿಮಿಷ ಕರಕರ ಅಂದು ಸುಮ್ಮನಾಯಿತು. ಅದಾಗಿ ಸ್ವಲ್ಪ ಹೊತ್ತಿಗೆ ಯು.ಪಿ.ಎಸ್. ಉದ್ದವಾಗಿ ಕೂಗಿ ನಿಂತಿತು. ಫ್ಯಾನಿನ ಸದ್ದೂ ನಿಂತಿತು. ಕಂಪ್ಯೂಟರ್ ಆರಿಹೋಗಿತ್ತು.

ಮಾಡುವುದಕ್ಕೆ ಏನೂ ಇರಲಿಲ್ಲ. ಮೈಲಮ್ಮ ಲಾಟೀನು ಹಚ್ಚಿ, ಜೋಳದ ರೊಟ್ಟಿ, ಅವರೆಕಾಳಿನ ಪಲ್ಯ ಬಡಿಸಿದರು. "ಊಟ ಮಾಡ್ರಿ. ನೀವು ಊಟ ಬಿಟ್ರೆ ಕರೆಂಟ್ ಏನು ಬೇಗ ಬರೋದಿಲ್ಲ," ಎಂದರು. ಉಮಾಮಹೇಶ್ವರಿ ಮೂರು ರೊಟ್ಟಿ ತಿಂದರು. ತಮಗೆ ಅಷ್ಟು ಹಸಿವಾಗಿದ್ದು ಆಗಲೇ ಅವರಿಗೆ ಗೊತ್ತಾದದ್ದು.

ಒಂಬತ್ತರ ಸುಮಾರಿಗೆ ಕರೆಂಟು ಬಂತು, ಅದರ ಹಿಂದೆಯೇ ರಮೇಶನ ಬೈಕೂ ಬಂತು. ಕಂಪ್ಯೂಟರ್ ಹಾಕಿ ನೋಡಿದರು. ಕಡತ ಇತ್ತು. ಹೆಸರಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ವಿಡಿಯೊ ಓಡಿಸಿದಾಗ ನುಚ್ಚಿನಂಥ ನಕ್ಷತ್ರ ನಡುಗುತ್ತ ನಿಂತಿತ್ತು. ಎಲ್ಲರೂ ಪರದೆಗೆ ಮುಖ ಹಚ್ಚಿ ನೋಡುತ್ತಿದ್ದಾಗ ಅದು ಪಟ್ಟನೆ ಇಲ್ಲವಾಯಿತು. ಒಂದು ಸೆಕೆಂಡು ಕಳೆದು ಮತ್ತೆ ಬಂದು ಕೂತಿತು.

"ಕಣ್ಣು ಹೊಡದಂಗಾತು," ಎಂದರು ಮೈಲಮ್ಮ. ಅವರ ಒತ್ತಾಯಕ್ಕೆ ಆ ವಿಡಿಯೊವನ್ನು ಆರು ಸಲ ಓಡಿಸಬೇಕಾಯಿತು.

ಆದರೆ ಮರುದಿನ ಕೊಂಡಜ್ಜಿಯಲ್ಲಿ ಮೇಷ್ಟ್ರ ಮುಖ ಬಾಡಿತ್ತು. ಕೊಂಡಜ್ಜಿಯಲ್ಲಿ ನಕ್ಷತ್ರ ಮೂರು ಸೆಕೆಂಡು ಮರೆಯಾಗಿತ್ತು, ಬಾತಿಯಲ್ಲಿ ಅದಕ್ಕಿಂತ ತುಸು ಹೆಚ್ಚು. ಒಂದೊಂದು ಊರಿನ ಹೊತ್ತನ್ನು ಒಂದೊಂದು ಗೆರೆಯಾಗಿ ಹಾಳೆಯ ಮೇಲೆ ಬಿಡಿಸಿದಾಗ ಆ ಎರಡೂ ಚೆನ್ನಾಗಿ ಹೊಂದಿಕೊಂಡಿದ್ದವು. ಕುಕ್ಕುವಾಡದ್ದು ಮಾತ್ರ ಎಲ್ಲೋ ಪಕ್ಕಕ್ಕೆ ಚಾಚಿಕೊಂಡು, ಆ ಕಲ್ಲಿಗೆ ಬಾಲ ಮೂಡಿದ ಹಾಗೆ ಕಾಣುತ್ತಿತ್ತು.

"ನೆರಳು ಸೆಕೆಂಡಿಗೆ ಹನ್ನೆರಡು ಕಿಲೋಮೀಟರ್ ಓಡ್ತೈತೆ ಉಮಾ ಮೇಡಂ. ಗಡಿಯಾರ ಒಂದು ಸೆಕೆಂಡು ತಪ್ಪಿದ್ರೆ ಕಲ್ಲು ಹನ್ನೆರಡು ಕಿಲೋಮೀಟರ್ ಸರಿದಂಗೆ ಲೆಕ್ಕ. ಕಂಪ್ಯೂಟರ್ ಆರಿ ಹೋಗಿದ್ರಿಂದ ಎರಡನೇ ಸಲ ದೀಪ ಹಿಡಿದದ್ದು ಉಪಯೋಗಕ್ಕೆ ಬರೋದಿಲ್ಲ. ಕುಕ್ಕುವಾಡದ್ದು ಬಿಟ್ಟು ವೀಕ್ಷಣಾಲಯದೋರಿಗೆ ಕಳಿಸೋಣ."

ಉಮಾಮಹೇಶ್ವರಿ ಆ ಚಿತ್ರವನ್ನು ನೋಡುತ್ತ ನಿಂತರು. ಅವರಿಗೆ ಬೇಜಾರಾಗಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. ಮೇಷ್ಟ್ರ ಮೇಲಲ್ಲ, ಮೂರನೇ ನಂಬರಿನ ಮೇಲೆ.

"ಒಂದು ವಾರ ಕಳಿಸಬ್ಯಾಡ್ರಿ ಸರ್," ಎಂದರು. "ಅದು ಹಿಂದೆ ಬೀಳೋದು ನಿಜ. ಆದ್ರೆ ದಿನಾ ಒಂದೇ ಥರ ಬೀಳ್ತೈತೆ. ಎಷ್ಟು ಬೀಳ್ತೈತೆ ಅಂತ ಅಳೆದುಬಿಟ್ರೆ?"

ಆ ಸಂಜೆ ಶಾಲೆಯಲ್ಲಿ ಮೂರನೇ ನಂಬರಿನ ಯಂತ್ರವನ್ನು ಹಾಕಿ, ಸರಿಯಾಗಿ ಐದು ಇಪ್ಪತ್ತಕ್ಕೆ ಕೆಂಪು ದೀಪ ಹಿಡಿದರು. ಏಳು ನಲವತ್ತೆರಡಕ್ಕೆ ಮತ್ತೆ ಹಿಡಿದರು. ಗಡಿಯಾರ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಂದೆ ಬಿದ್ದಿತ್ತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ವ್ಯತ್ಯಾಸ ಒಂದು ಸೆಕೆಂಡಿನ ನೂರನೇ ಪಾಲಿನಲ್ಲಿ ಎರಡೋ ಮೂರೋ.

ನಾಲ್ಕನೇ ದಿನ ಅವರಿಗೆ ಒಂದು ಅನುಮಾನ ಬಂತು. ಶಾಲೆಯೊಳಗೆ ಸೆಕೆ, ಕುಕ್ಕುವಾಡದ ಜಗುಲಿಯ ಮೇಲೆ ಅವತ್ತು ಚಳಿಗಾಳಿ ಬೀಸುತ್ತಿತ್ತು. ಚಳಿಗೆ ಗಡಿಯಾರದ ನಡೆ ಬದಲಾಗುತ್ತದೋ ಏನೋ. ಗಂಡನಿಗೆ ಹೇಳಿದರು.

"ಮತ್ತೆ ಕುಕ್ಕುವಾಡಕ್ಕ?" ಎಂದರು ಮುರುಗೇಶಪ್ಪ. "ಹೋದ್ಸಲ ನಕ್ಷತ್ರ ಇತ್ತು. ಈಗ ಏನೈತೆ ಅಲ್ಲಿ?"

"ಚಳಿ ಐತೆ," ಎಂದರು ಉಮಾಮಹೇಶ್ವರಿ.

ಅಂದು ಮುರುಗೇಶಪ್ಪನವರಿಗೆ ರಜೆ. ಅವರೇ ಕಂಪ್ಯೂಟರ್ ಹೊತ್ತು ಟೆಂಪೊಗೆ ಏರಿಸಿದರು. ಮೈಲಮ್ಮ ಜಗುಲಿ ಸಾರಿಸಿ, ಅದೇ ಜಾಗವನ್ನು ತೋರಿಸಿದರು. ಕಂಪ್ಯೂಟರನ್ನು ಅವತ್ತಿನ ಹಾಗೆಯೇ ಇಟ್ಟು, ಅವತ್ತಿನ ಹೊತ್ತಿಗೇ ಹಾಕಿ, ಐದು ಇಪ್ಪತ್ತಕ್ಕೆ ದೀಪ ಹಿಡಿದು, ಏಳೂವರೆಗೆ ಪರದೆಯನ್ನೂ ಆರಿಸಿದರು. ನಕ್ಷತ್ರ ಇಲ್ಲ, ದೂರದರ್ಶಕ ಇಲ್ಲ. ಸುಮ್ಮನೆ ಒಂದು ಹಳೇ ಕಂಪ್ಯೂಟರಿನ ಸುತ್ತ ನಾಲ್ಕು ಜನ ಶಾಲು ಹೊದ್ದು ಕೂತಿದ್ದರು. ಗಿಡ್ಡಪ್ಪ ಮತ್ತು ಮುರುಗೇಶಪ್ಪ ಬಸ್ಸಿನ ಸಮಾಚಾರ ಮಾತಾಡಿಕೊಂಡರು. ಏಳು ನಲವತ್ತೆರಡಕ್ಕೆ ದೀಪ ಹಿಡಿದಾಗ ಗಡಿಯಾರ ಒಂದು ಸೆಕೆಂಡು ಮತ್ತು ನೂರರಲ್ಲಿ ಮೂವತ್ತೇಳು ಪಾಲು ಹಿಂದಿತ್ತು. ಶಾಲೆಯಲ್ಲಿ ಸಿಕ್ಕಿದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ.

ಮರುದಿನ ಮೇಷ್ಟ್ರು ಆ ಸಂಖ್ಯೆಯನ್ನು ಸೇರಿಸಿ ಚಿತ್ರವನ್ನು ಹೊಸದಾಗಿ ಬಿಡಿಸಿದರು. ಚಾಚಿಕೊಂಡಿದ್ದ ಗೆರೆ ಹದಿನಾರು ಕಿಲೋಮೀಟರ್ ಸರಿದು, ಕಲ್ಲಿನ ಕೆಳ ಅಂಚಿಗೆ ಬಂದು ಕೂತಿತು. ಮೂರು ಗೆರೆಗಳ ತುದಿ ಸೇರಿಸಿದರೆ, ಒಂದು ಕಡೆ ತುಸು ಚಪ್ಪಟೆಯಾದ ಆಲೂಗಡ್ಡೆಯಂಥ ಆಕಾರ ಬಂತು.

ಮೇಷ್ಟ್ರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ನಲವತ್ತು ವರ್ಷ ಪಾಠ ಹೇಳಿದೀನಿ," ಎಂದರು. "ಚಳಿ ಅಳೆಯೋಕೆ ಕುಕ್ಕುವಾಡಕ್ಕೆ ಹೋಗಬೇಕು ಅಂತ ನನಗೆ ಹೊಳೀಲಿಲ್ಲ ನೋಡ್ರಿ."

ಅಳತೆಗಳನ್ನೆಲ್ಲ ಬರೆದು, ಕರೆಂಟು ಹೋದದ್ದನ್ನೂ ಗಡಿಯಾರದ ತಪ್ಪನ್ನೂ ಮುಚ್ಚಿಡದೆ ಹೇಳಿ, ಇಂಥ ವರದಿಗಳನ್ನು ಒಟ್ಟುಮಾಡುವ ವೀಕ್ಷಣಾಲಯದ ತಂಡಕ್ಕೆ ಕಳಿಸಿದರು. ವರದಿಯಲ್ಲಿ ಜಾಗದ ಹೆಸರು ಬರೆಯುವ ಕಡೆ ಉಮಾಮಹೇಶ್ವರಿ "ಮೈಲಮ್ಮನವರ ಕಣ, ಕುಕ್ಕುವಾಡ" ಎಂದು ತುಂಬಿದರು.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಆ ಸಂಜೆ ಬೇರೆ ಊರುಗಳಿಂದ ನೋಡಲು ಕೂತವರಿಗೆ ಮೋಡ ಅಡ್ಡ ಬಂದಿತ್ತಂತೆ. ಮೂರು ಗೆರೆಗಳು ಸಿಕ್ಕಿದ್ದು ದಾವಣಗೆರೆ ಜಿಲ್ಲೆಯಿಂದ ಮಾತ್ರ. ಕುಕ್ಕುವಾಡದ ಒಂದು ಸೆಕೆಂಡು ಇಲ್ಲದಿದ್ದರೆ ಕಲ್ಲಿನ ದಕ್ಷಿಣದ ಅಂಚು ಎಲ್ಲಿದೆ ಎಂಬುದು ತಿಳಿಯುತ್ತಲೇ ಇರಲಿಲ್ಲ ಎಂದು ಬರೆದಿದ್ದರು. ಗಡಿಯಾರವನ್ನು ಅದೇ ಜಾಗಕ್ಕೆ ಒಯ್ದು ಅಳೆದದ್ದನ್ನು ಮೆಚ್ಚಿ, ಆ ಕ್ರಮವನ್ನು ಬೇರೆಯವರಿಗೂ ಕಳಿಸಬಹುದೇ ಎಂದು ಕೇಳಿದ್ದರು. ಕೆಳಗೆ ನೋಡಿದವರ ಪಟ್ಟಿಯಲ್ಲಿ ರುದ್ರಮುನಿ, ರೂಪಶ್ರೀ, ಉಮಾಮಹೇಶ್ವರಿ ಎಂದು ಮೂರು ಹೆಸರು, ಪಕ್ಕದಲ್ಲಿ ಅವರವರು ನೋಡಿದ ಜಾಗದ ಹೆಸರು ಇದ್ದವು.

ಆ ಕಾಗದವನ್ನು ಕನ್ನಡಕ್ಕೆ ತಿರುಗಿಸಿ, ಟೈಪ್ ಮಾಡಿ, ಉಮಾಮಹೇಶ್ವರಿ ಕುಕ್ಕುವಾಡಕ್ಕೆ ತಾವೇ ಒಯ್ದು ಓದಿ ಹೇಳಿದರು. ಮೈಲಮ್ಮ ತಮ್ಮ ಹೆಸರು ಬಂದಾಗ ಅಲ್ಲಿಗೆ ನಿಲ್ಲಿಸಿ, ಅದೊಂದು ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು.

ಈಗ ಟೈಪಿಂಗ್ ಶಾಲೆಯಲ್ಲಿ ಹದಿನಾಲ್ಕು ಕಂಪ್ಯೂಟರ್ ಇವೆ. ದಾವಣಗೆರೆಯ ಆಫೀಸುಗಳಲ್ಲಿ ಬದಿಗಿಟ್ಟವನ್ನು ಜನ ತಾವಾಗಿಯೇ ತಂದುಕೊಡುತ್ತಾರೆ. ಪ್ರತಿಯೊಂದರ ಮೇಲೂ ಉಮಾಮಹೇಶ್ವರಿ ಒಂದು ಚೀಟಿ ಅಂಟಿಸಿದ್ದಾರೆ; ಗಂಟೆಗೆ ಎಷ್ಟು ಹಿಂದೆ, ಎಷ್ಟು ಮುಂದೆ, ಸೆಕೆಗೆ ಎಷ್ಟು, ಚಳಿಗೆ ಎಷ್ಟು ಎಂದು. ಶನಿವಾರ ಕಾಲೇಜಿನ ಆರೇಳು ಹುಡುಗಿಯರು ಬಂದು ಚಿತ್ರಗಳನ್ನು ಅಳೆಯುತ್ತಾರೆ. ರಮೇಶ ಹೊಸ ಬ್ಯಾಟರಿಗಳನ್ನು ಹಾಕಿಕೊಟ್ಟಿದ್ದಾನೆ.

ಮೊನ್ನೆ ಮೇಷ್ಟ್ರು ಇನ್ನೊಂದು ನಕ್ಷೆ ತಂದಿದ್ದರು. ಮಾರ್ಚಿನಲ್ಲಿ ಬೀಳುವ ನೆರಳು ರಾಣೆಬೆನ್ನೂರಿನ ಮೇಲೆ ಹಾದುಹೋಗುತ್ತದೆ. ರಾತ್ರಿ ಊಟಕ್ಕೆ ಕೂತಾಗ ಉಮಾಮಹೇಶ್ವರಿ ಗಂಡನಿಗೆ ಆ ವಿಷಯ ಹೇಳಿದರು.

"ಟೆಂಪೊ ಬ್ಯಾಡ, ಬಸ್ಸಿಗೇ ಹೋಗೋಣ," ಎಂದರು ಮುರುಗೇಶಪ್ಪ. "ನಾಲ್ಕು ಗಂಟೆ ಬಸ್ಸಿನ ಕಂಡಕ್ಟರ್ ನಮ್ಮವನೇ. ಆದ್ರೆ ಆ ದಪ್ಪ ಪರದೆಗೆ ಲಗೇಜ್ ಟಿಕೆಟ್ ಹರೀತಾನೆ, ಬಿಡೋದಿಲ್ಲ."

"ಹರೀಲಿ ಬಿಡ್ರಿ," ಎಂದು ಉಮಾಮಹೇಶ್ವರಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಅದಕ್ಕೊಂದು ಸೀಟು ಸಿಕ್ರೆ ಸಾಕು."